ಬಣ್ಣದ ಕಿಟಕಿಯಲ್ಲಿ ಕಪ್ಪು ಚೌಕ

ಬೆಳಿಗ್ಗೆ ಎದ್ದ ಕೂಡಲೇ ಕೆಲವರು ಅಂಗೈ ನೋಡಿಕೊಳ್ಳುತ್ತಾರೆ, ಕೆಲವರು ದೇವರ ಫೋಟೋ ನೋಡುತ್ತಾರೆ, ಈಗಿನವರು ಮೊಬೈಲು ನೋಡುತ್ತಾರೆ. ನಾನು ಸೂಜಿ ನೋಡುತ್ತಿದ್ದೆ. ಹಾಸಿಗೆ ಮಡಚುವ ಮೊದಲೇ ಬೆಳಕಿಗೆ ಬಂದು, ಕನ್ನಡಕ ಏರಿಸಿ, ಡಬ್ಬಿಯಲ್ಲಿನ ಎಲ್ಲಕ್ಕಿಂತ ಸಣ್ಣ ಸೂಜಿ ತೆಗೆದು ಅದಕ್ಕೆ ದಾರ ಪೋಣಿಸುತ್ತಿದ್ದೆ. ಮೊದಲ ಸಲಕ್ಕೇ ಹೋಯಿತೆಂದರೆ ಆ ದಿನದ ಮಟ್ಟಿಗೆ ಬಚಾವು, ಚಹಾಕ್ಕೆ ನೀರಿಡಲು ಹೋಗುತ್ತಿದ್ದೆ. ದಾರದ ತುದಿ ಪಕ್ಕಕ್ಕೆ ಜಾರಿದರೆ ಎದೆ ಧಸಕ್ ಎನ್ನುತ್ತಿತ್ತು. ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಇದು ದಾರದ ತಪ್ಪು, ಕಣ್ಣಿನದಲ್ಲ ಎಂದು ನನಗೆ ನಾನೇ ಹೇಳಿಕೊಂಡು ಮತ್ತೆ ಹಚ್ಚುತ್ತಿದ್ದೆ. ಇದು ಹೊಲಿಗೆಯಲ್ಲ, ಪರೀಕ್ಷೆ ಎನ್ನುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಕಸೂತಿ ಹಾಕುವವಳು. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಮಂದಿಯ ಸೀರೆ, ಕುಪ್ಪಸಗಳ ಮೇಲೆ ಗೋಪುರ, ಆನೆ, ನವಿಲುಗಳನ್ನು ಎಬ್ಬಿಸುವುದೇ ನನ್ನ ಉದ್ಯೋಗ. ಕಸೂತಿಗೆ ಮೊದಲೇ ಬರೆದಿಟ್ಟ ಗೆರೆ ಇರುವುದಿಲ್ಲ, ಬಟ್ಟೆಯ ಎಳೆ ಎಣಿಸಿಕೊಳ್ಳುತ್ತಲೇ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಮುಂದೆ ಹೇಗೆ ಕಾಣುತ್ತದೋ ಹಿಂದೆಯೂ ಹಾಗೇ ಕಾಣಬೇಕು. ಅದಕ್ಕೇ ಯಾರಾದರೂ ಕಸೂತಿ ತಂದು ತೋರಿಸಿದರೆ ನಮ್ಮಂಥವರು ಮೊದಲು ಬಟ್ಟೆ ತಿರುವಿ ಹಿಂಭಾಗ ನೋಡುತ್ತೇವೆ, ಆಮೇಲೆ ಮಾತು. ಇದನ್ನೆಲ್ಲ ಕಲಿಸಿದವಳು ಅವ್ವ. ಅವಳ ಕಣ್ಣು ಹೋದದ್ದನ್ನು ಹತ್ತಿರದಿಂದ ನೋಡಿದವಳು ನಾನು.

ಅವ್ವನಿಗೆ ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತುಹೋಗುವ ರೋಗ. ನಾವು ಕರೆದುಕೊಂಡು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರರು ಅವ್ವನ ಕಣ್ಣಿನಿಂದ ಟಾರ್ಚು ತೆಗೆದು ನನ್ನ ಕಡೆ ತಿರುಗಿ, ಇದು ತಾಯಿಯಿಂದ ಮಕ್ಕಳಿಗೆ ಇಳಿಯಬಹುದು, ವರ್ಷಕ್ಕೊಮ್ಮೆ ಬಂದು ತೋರಿಸಿಕೊಳ್ಳಿ ಎಂದಿದ್ದರು. ನಾನು ಹೋಗಲಿಲ್ಲ. ಆಲಸ್ಯವಲ್ಲ, ಖರೇ ಹೇಳುತ್ತೇನೆ, ಹೆದರಿಕೆ. ಹೋದರೆ ಹೇಳಿಬಿಡುತ್ತಾರಲ್ಲ. ಕೊನೆಯ ವರ್ಷಗಳಲ್ಲಿ ಅವ್ವ ಕಟ್ಟೆಯ ಮೇಲೆ ಕೂತು, ತನ್ನ ಸೆರಗಿನ ಮೇಲಿನ ಹಳೆಯ ಕಸೂತಿಯನ್ನು ಬೆರಳಿನಿಂದ ತಡವುತ್ತ, ಇದು ಆನಿ, ಇದು ಪಲ್ಲಕ್ಕಿ ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಆ ಬೆರಳುಗಳು ನನ್ನ ಕಣ್ಣಮುಂದೆ ಇವತ್ತಿಗೂ ಬರುತ್ತವೆ.

ರೋಗ ಹೇಗೆ ಬರುತ್ತದೆ ಎನ್ನುವುದನ್ನು ನಾನೇ ನಿರ್ಧಾರ ಮಾಡಿಟ್ಟುಕೊಂಡಿದ್ದೆ. ಬಟ್ಟೆಯ ಮೇಲೆ ಮಸಿ ಬಿದ್ದ ಹಾಗೆ ಮೊದಲು ಒಂದು ಕಪ್ಪು ಬೊಟ್ಟು ಕಾಣುತ್ತದೆ, ಅದು ಹರಡುತ್ತ ಹೋಗುತ್ತದೆ, ಒಂದು ದಿನ ಎಲ್ಲ ಕಪ್ಪು. ಡಾಕ್ಟರರೇನೂ ಹಾಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಬಿಳಿ ಗೋಡೆ, ಬಿಳಿ ಬಟ್ಟೆ, ಆಕಾಶ, ಎಲ್ಲಿ ನೋಡಿದರೂ ಆ ಬೊಟ್ಟು ಬಂತೇನೋ ಎಂದು ಹುಡುಕುತ್ತಿದ್ದೆ. ಬಂದಿರಲಿಲ್ಲ. ಸೂಜಿಗೆ ದಾರವೂ ಹೋಗುತ್ತಿತ್ತು. ಹಾಗಾಗಿ ಬದುಕಿದ್ದೆ.

ನನಗೆ ಮೊದಲಿನಿಂದಲೂ ಸಿಟ್ಟು ಜಾಸ್ತಿ. ಅದು ಮನೆತನದ ಸಿಟ್ಟು. ಅವ್ವನೂ ಹಾಗೇ ಇದ್ದಳು, ನಡೆಯುವ ದಾರಿಯಲ್ಲಿ ಯಾರು ಕೊಡ ಇಟ್ಟರೆಂದು ಸೊಸೆಯಂದಿರನ್ನು ಒಂದೇ ಸಮ ಬೈಯುತ್ತಿದ್ದಳು. ಆ ವರ್ಷವಂತೂ ನನ್ನ ಸಿಟ್ಟು ಮಿತಿಮೀರಿತ್ತು. ಜನಕ್ಕೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಕಾಯಿಪಲ್ಲೆ ತರಲು ಹೊರಟರೆ ಒಬ್ಬ ಸ್ಕೂಟರಿನವನು ಎಲ್ಲಿಂದಲೋ ಧುತ್ತೆಂದು ಮೈಮೇಲೆ ಬಂದ. ಕಣ್ಣು ಎಲ್ಲಿಟ್ಟುಕೊಂಡು ಗಾಡಿ ಹೊಡೆಯುತ್ತೀ ಎಂದು ಓಣಿಗೆಲ್ಲ ಕೇಳುವ ಹಾಗೆ ಜಾಡಿಸಿದೆ. ನಮ್ಮ ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ಸ್ಟೂಲು ಇಟ್ಟು ಮರೆತದ್ದಕ್ಕೆ ಎರಡು ಹೊತ್ತು ಮಾತು ಬಿಟ್ಟೆ. ರೇಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಮನುಷ್ಯ, ಗದ್ದಲಕ್ಕೆ ಒಗ್ಗಿದವರು. ಸ್ಟೂಲು ಯಾವಾಗಲೂ ಅಲ್ಲೇ ಇರುತ್ತದಲ್ಲ ಎಂದು ಮೆಲ್ಲಗೆ ಹೇಳಿ ಪೇಪರು ಹಿಡಿದರು.

ಇಂಥ ಹೊತ್ತಿನಲ್ಲಿ ಪಕ್ಕದ ಮನೆಯ ಟೀಚರ್ ಒಂದು ಬಿಳಿ ಬಟ್ಟೆ ಹಿಡಿದುಕೊಂಡು ಬಂದರು. ಕ್ರಿಶ್ಚಿಯನ್ನರು. ಸಾಲಿಯಿಂದ ನಿವೃತ್ತರಾದ ಮೇಲೂ ಓಣಿಗೆಲ್ಲ ಅವರು ಟೀಚರೇ. ನಮ್ಮ ಎರಡು ಮನೆಗಳಿಗೂ ನಡುವೆ ಒಂದೇ ಗೋಡೆ, ಅವರ ಮನೆಯ ಕೇಕು ನಮಗೆ, ನಮ್ಮ ಮನೆಯ ಹೋಳಿಗೆ ಅವರಿಗೆ ಆ ಗೋಡೆಯ ಮೇಲಿಂದಲೇ ದಾಟುತ್ತವೆ. ರವಿವಾರ ಅವರು ಹೋಗುವುದು ಧಾರವಾಡದ ಒಂದು ಹಳೆಯ ಕಲ್ಲಿನ ಚರ್ಚಿಗೆ. ಅವರ ಅಜ್ಜನ ಕಾಲದಿಂದಲೂ ಅದೇ. ಆ ಚರ್ಚಿನಲ್ಲಿ ಮುಂದುಗಡೆ ಇರುವ ಮೇಜಿಗೆ ಕ್ರಿಸ್‌ಮಸ್ಸಿನ ಹೊತ್ತಿಗೆ ಹೊಸ ಹಾಸು ಆಗಬೇಕು, ಅದರ ಅಂಚಿಗೆ ಕಸೂತಿ ಬೇಕು ಎಂದರು. ಮೇಜಿನ ಹಿಂದೆ ಬಣ್ಣದ ಗಾಜಿನ ದೊಡ್ಡ ಕಿಟಕಿ ಇದೆ, ದಾರದ ಬಣ್ಣ ಅದಕ್ಕೆ ಹೊಂದಬೇಕು. ಮೊಬೈಲಿನಲ್ಲಿ ಫೋಟೋ ತೋರಿಸಿದರು, ಬೆಳಕು ಹೊಡೆದು ಬರೀ ಬಿಳಿ ಬಂದಿತ್ತು.

"ಫೋಟೋದಾಗ ಬರಂಗಿಲ್ರಿ ಅಕ್ಕಾರ," ಎಂದರು. "ಅದನ್ನ ಕಣ್ಣಿಂದನ ನೋಡಬೇಕು."

ಹೂಂ ಎಂದೆ. ಕೆಲಸ ಬಂದಾಗ ಒಲ್ಲೆ ಎನ್ನುವವಳಲ್ಲ ನಾನು. ಆದರೆ ಆ ರಾತ್ರಿ ಊಟ ಸೇರಲಿಲ್ಲ. ಸೂಜಿ ಸಣ್ಣದು, ಕೈಯಲ್ಲಿರುತ್ತದೆ, ತಪ್ಪಿದರೆ ದಾರದ ನೆವ ಹೇಳಬಹುದು. ಅಷ್ಟು ದೊಡ್ಡ ಕಿಟಕಿ, ಅಷ್ಟು ಬಣ್ಣ, ಹಿಂದಿನಿಂದ ಬಿಸಿಲು. ಆ ಕಪ್ಪು ಬೊಟ್ಟು ಕಾಣುವುದಾದರೆ ಅಲ್ಲೇ ಕಾಣುತ್ತದೆ ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಗಿ ಮಗ್ಗಲು ಬದಲಿಸಿದೆ.

ರವಿವಾರ ಗದ್ದಲ ಇರುತ್ತದೆಂದು ನಾವು ವಾರದ ನಡುವೆ ಒಂದು ಬೆಳಿಗ್ಗೆ ಹೊರಟೆವು. ಆಟೋ ಹಿಡಿದು, ಅಲ್ಲಿಂದ ಧಾರವಾಡಕ್ಕೆ ಓಡುವ ಚಿಗರಿ ಬಸ್ಸು. ಬಸ್ಸಿನ ತುಂಬ ಕೋಚಿಂಗಿಗೆ ಹೋಗುವ ಹುಡುಗ ಹುಡುಗಿಯರು, ನಿಂತಲ್ಲೇ ಪುಸ್ತಕ ಓದುತ್ತಿದ್ದರು. ನನ್ನ ಚೀಲದಲ್ಲಿ ರೇಷ್ಮೆ ದಾರದ ಲಡಿಗಳು. ಟೀಚರ್ ತಮ್ಮ ಮದುವೆ ಆ ಕಿಟಕಿಯ ಕೆಳಗೇ ಆಗಿದ್ದು, ಅವತ್ತು ಅವರ ಬಿಳಿ ಸೀರೆಯ ಮೇಲೆ ನೀಲಿ, ಕೆಂಪು ಬೆಳಕು ಬಿದ್ದು ಅವರ ಅತ್ತೆ ಯಾರೋ ಬಣ್ಣ ಚೆಲ್ಲಿದರೆಂದು ಗಾಬರಿಯಾಗಿದ್ದು, ಎಲ್ಲ ಹೇಳುತ್ತಿದ್ದರು. ನಾನು ನಗುವಲ್ಲಿ ನಕ್ಕೆ. ಕೈ ಮಾತ್ರ ಚೀಲದ ಹಿಡಿಕೆಯನ್ನು ಹಿಂಡುತ್ತಿತ್ತು.

ಆ ಚರ್ಚನ್ನು ರಸ್ತೆಯಿಂದ ನಾನು ಎಷ್ಟು ಸಲ ನೋಡಿದ್ದೇನೋ. ಒಳಗೆ ಕಾಲಿಟ್ಟಿರಲಿಲ್ಲ. ಬೇಡವೆಂದವರೂ ಇಲ್ಲ, ಬಾ ಎಂದವರೂ ಇಲ್ಲ, ಹಾಗೇ ಆಯುಷ್ಯ ಹೋಗಿತ್ತು. ಕಂಪೌಂಡಿನಲ್ಲಿ ದೊಡ್ಡ ಹುಣಸೆಮರ, ಕಪ್ಪಿಟ್ಟ ಕಲ್ಲಿನ ಗೋಡೆ, ಇಳಿಜಾರು ಹೆಂಚು. ಬಾಗಿಲು ತೆರೆದೇ ಇತ್ತು. ನಾನು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟೆ. ಹಾಕಿಕೊಂಡೇ ಬರಬಹುದು, ಇಲ್ಲಿ ಯಾರೂ ಬಿಡುವುದಿಲ್ಲ ಎಂದರು ಟೀಚರ್. ಬಿಡುವವರು ಬಿಡಬಾರದೆಂದೇನಿಲ್ಲವಲ್ಲ ಎಂದು ಬರಿಗಾಲಲ್ಲಿ ಹೊಸ್ತಿಲು ದಾಟಿದೆ. ನೆಲದ ಕಲ್ಲು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಬಿಸಿಲಿನಿಂದ ಒಳಗೆ ಬಂದವಳಿಗೆ ಎಲ್ಲ ಮಬ್ಬು. ಟೀಚರ್ ಮುಂದೆ ಹೋದರು, ನಾನು ಹಿಂದೆ. ನಾಲ್ಕು ಹೆಜ್ಜೆ ಹಾಕಿರಬೇಕು, ಎಡ ಸೊಂಟಕ್ಕೆ ಬೆಂಚಿನ ಮೂಲೆ ರಪ್ಪನೆ ಬಡಿಯಿತು. ಜನ ಓಡಾಡುವಲ್ಲಿ ಹೀಗೆ ಬೆಂಚು ಅಡ್ಡ ಇಡುತ್ತಾರೇನು ಎಂದು ಗೊಣಗಿದೆ. ಟೀಚರ್ ತಿರುಗಿ ನೋಡಿದರು.

ಆಮೇಲೆ ಕತ್ತೆತ್ತಿದೆ.

ಹೇಗೆ ಹೇಳಲಿ. ಗೋಡೆಯೆತ್ತರದ ಕಿಟಕಿ, ಮೇಲೆ ಕಮಾನು. ನಡುವೆ ಕುರಿಮರಿಯನ್ನು ಹೆಗಲ ಮೇಲೆ ಹೊತ್ತು ನಿಂತ ಕುರುಬ, ಸುತ್ತ ಬಳ್ಳಿ, ಎಲೆ, ದ್ರಾಕ್ಷಿಯ ಗೊನೆ. ಇಳಕಲ್ ಸೀರೆಯ ದಾಳಿಂಬೆ ಕೆಂಪು ಅಲ್ಲಿತ್ತು. ಗಿಳಿ ಹಸಿರು, ಅರಿಸಿನ, ನೇರಳೆ ಹಣ್ಣಿನ ಬಣ್ಣ ಅಲ್ಲಿದ್ದವು. ಅಂಚಿನುದ್ದಕ್ಕೂ ಒಂದು ನೀಲಿ, ಆ ನೀಲಿಗೆ ನನ್ನ ಹತ್ತಿರ ಹೆಸರೇ ಇರಲಿಲ್ಲ. ಬಣ್ಣಗಳೆಲ್ಲ ಕಿಟಕಿಯಿಂದ ಇಳಿದು ನೆಲದ ಮೇಲೆ ಬಿದ್ದಿದ್ದವು. ನನ್ನ ಬರಿಗಾಲು ಒಂದು ಕೆಂಪಾಗಿ, ಒಂದು ಹಸಿರಾಗಿ ಇತ್ತು. ಆ ಗಳಿಗೆಯಲ್ಲಿ ಅವ್ವ ನೆನಪಾದಳು. ಇದನ್ನು ಅವಳು ನೋಡಬೇಕಿತ್ತು ಅನ್ನಿಸಿತು. ಹೆದರಿಕೆ ಎನ್ನುವುದು ನನಗೆ ಸ್ವಲ್ಪ ಹೊತ್ತು ಮರೆತೇ ಹೋಗಿತ್ತು.

ನೀಲಿ ಅಂಚಿನ ಗುಂಟ ಕಣ್ಣು ಇಳಿಸುತ್ತ ಬಂದೆ. ಕೆಳಗೆ, ಬಲಮೂಲೆಯ ಹತ್ತಿರ, ನೀಲಿ ನಿಂತುಹೋಯಿತು. ಅಲ್ಲಿ ಅಂಗೈಯಗಲದ ಕಪ್ಪು.

ಕಣ್ಣು ಮುಚ್ಚಿ ತೆರೆದೆ, ಕಪ್ಪು ಅಲ್ಲೇ ಇತ್ತು. ಕನ್ನಡಕ ಒರೆಸುವ ನೆವದಲ್ಲಿ ಸೆರಗಿನಿಂದ ಎಡಗಣ್ಣು ಮುಚ್ಚಿ ನೋಡಿದೆ. ಇತ್ತು. ಬಲಗಣ್ಣು ಮುಚ್ಚಿದೆ. ಇತ್ತು. ಅಂದರೆ ಎರಡಕ್ಕೂ ಬಂದಿದೆ. ಕಣ್ಣಿನಲ್ಲಿ ದೋಷವಿದ್ದರೆ ಅದು ಕಣ್ಣು ಹೊರಳಿದ ಕಡೆ ಹೊರಳಬೇಕು, ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ ಎಂಬಷ್ಟು ಬುದ್ಧಿ ಆಗ ಎಲ್ಲಿತ್ತು? ಎಷ್ಟೋ ವರ್ಷದಿಂದ ಕಾಯುತ್ತಿದ್ದುದು ಬಂದಿತ್ತು, ಅಷ್ಟೇ. ಕಟ್ಟೆಯ ಮೇಲೆ ಕೂತ ಅವ್ವನ ಜಾಗದಲ್ಲಿ ನಾನು ಕೂತಿದ್ದೆ, ಸೆರಗು ತಡವುತ್ತಿದ್ದೆ.

ಟೀಚರನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು, ಅಲ್ಲಿ ಕಪ್ಪಿದೆಯೇ ಎಂದು. ಕೇಳಲು ಬಾಯಿ ಬರಲಿಲ್ಲ. ಎಲ್ಲಿ ಕಪ್ಪು ಎಂದು ಅವರು ಕೇಳಿದರೆ? ಅಲ್ಲಿಗೆ ಮುಗಿಯಿತಲ್ಲ. ಕೇಳದೆ ಇರುವಷ್ಟು ಹೊತ್ತು ಮುಗಿದಿರುವುದಿಲ್ಲ. ಚೀಲದಿಂದ ಲಡಿ ತೆಗೆದು ಬೆಳಕಿಗೆ ಹಿಡಿದೆ, ಕೆಂಪು ಇದು, ಹಸಿರು ಇದು ಎಂದು ಏನೇನೋ ಹೇಳಿದೆ. ನೀಲಿ ಲಡಿ ಕೈಜಾರಿ ನೆಲಕ್ಕೆ ಬಿತ್ತು. ಎಲ್ಲೋ ಯಾರೋ ಕೆಮ್ಮಿದ ಸದ್ದಾಯಿತು, ಹೊರಗೆ ಎಂದುಕೊಂಡೆ. ಲಡಿ ಎತ್ತಿಕೊಟ್ಟ ಟೀಚರ್ ನನ್ನ ಮುಖ ನೋಡಿ ಯಾಕೆ ಹೀಗೆ ಬೆವೆತಿದ್ದೀರಿ ಎಂದು ಕೇಳಿದರು.

"ಹಿಂದಿನ ಬಾಜು ನೋಡಬೇಕ್ರಿ ನಾ," ಎಂದೆ.

ಅವರಿಗೆ ನಗು ಬಂತು. ಕಿಟಕಿಗೆ ಎಂಥ ಹಿಂಭಾಗ, ಹೊರಗಿನಿಂದ ನೋಡಿದರೆ ಬಣ್ಣವೇ ಕಾಣುವುದಿಲ್ಲ ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಕಸೂತಿಯಲ್ಲಿ ಏನೋ ತಪ್ಪಿದೆ ಅನ್ನಿಸಿದರೆ ಬಟ್ಟೆ ತಿರುವಬೇಕು, ತಪ್ಪು ಹಿಂದೆ ಸಿಗುತ್ತದೆ. ಪಕ್ಕದ ಬಾಗಿಲಿನಿಂದ ಹೊರಬಿದ್ದು, ಚಪ್ಪಲಿಯೂ ಇಲ್ಲದೆ, ಹುಣಸೆಯ ಒಣ ಎಲೆ ತುಳಿಯುತ್ತ ಗೋಡೆ ಸುತ್ತಿ ಹೋದೆ.

ಹಿಂದಿನಿಂದ ಅದು ಮಸಿ ಹಿಡಿದ ಒಂದು ದೊಡ್ಡ ಜಾಳಿಗೆಯಂತಿತ್ತು. ಕುರುಬನಿಲ್ಲ, ಕುರಿಮರಿಯಿಲ್ಲ. ಮತ್ತು ಕೆಳಗೆ, ಮೂಲೆಯಲ್ಲಿ, ಒಂದು ತಗಡಿನ ತುಂಡು. ಗಾಜು ಒಡೆದ ಜಾಗಕ್ಕೆ ಚೌಕವಾಗಿ ಕತ್ತರಿಸಿದ ತಗಡು ಕೂರಿಸಿ, ಸುತ್ತ ಮೇಣದಂಥದ್ದು ಮೆತ್ತಿದ್ದರು. ಕೈಚಾಚಿ ಮುಟ್ಟಿದೆ. ಬಿಸಿಲಿಗೆ ಬೆಚ್ಚಗಿತ್ತು. ಬೆರಳಿನಿಂದ ಬಡಿದೆ, ಟಣ್ ಎಂದಿತು.

ಮರದ ಕೆಳಗಿನ ಕಲ್ಲಿನ ಮೇಲೆ ಕುಸಿದು ಕೂತು ನಕ್ಕೆ. ನಗುನಗುತ್ತಲೇ ಅಳು ಬಂತು. ಹಿಂದೆಯೇ ಓಡಿ ಬಂದ ಟೀಚರ್ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದರು. ಆಗ ಎಲ್ಲ ಹೇಳಿದೆ. ಅವ್ವನ ಕಣ್ಣು, ಡಾಕ್ಟರರ ಮಾತು, ಬೆಳಗಿನ ಸೂಜಿ, ಈಗ ಒಳಗೆ ಕಂಡ ಕಪ್ಪು. ಮನೆಯವರಿಗೂ ಹೇಳದ್ದನ್ನೆಲ್ಲ ಆ ಕಲ್ಲಿನ ಮೇಲೆ ಸುರಿದೆ. ಅದು ಬರೀ ತಗಡು, ನನ್ನ ಕಣ್ಣು ಗಟ್ಟಿ ಇದೆ ಎಂದೆ. ಎದೆಯ ಮೇಲಿನ ಕಲ್ಲು ಇಳಿದು ಮೈಯೆಲ್ಲ ಹಗುರಾಗಿತ್ತು.

ಟೀಚರ್ ನನ್ನ ಕೈ ಸವರಿದರು. ಮಳೆಗಾಲದಲ್ಲಿ ಹುಣಸೆಯ ಟೊಂಗೆ ಬಿದ್ದು ಗಾಜು ಒಡೆಯಿತೆಂದು ಹೇಳಿದರು. ಆಮೇಲೆ ಪ್ರೀತಿಯಿಂದಲೇ ಗದರಿದರು.

"ಒಂದ ಮಾತು ಕೇಳಬಾರದೇನ್ರಿ? ನನ್ನ ಕೇಳಾಕ ಹೆದರಿಕಿ ಆದ್ರ ಕಾಕಾನ್ನರ ಕೇಳಬೇಕಿಲ್ಲೋ, ತಗಡು ಹಚ್ಚಿದವರ ಅವರು. ನಿಮ್ಮ ಮಗ್ಗಲದಾಗ ನಿಂತಿದ್ರಲ್ಲ."

"ಯಾವ ಕಾಕಾ?"

ಚೇಷ್ಟೆ ಮಾಡುತ್ತಿದ್ದೇನೆಂದು ಅವರು ಮೊದಲು ನಕ್ಕರು. ಚರ್ಚಿನ ಕಸ ಹೊಡೆದು, ಕೀಲಿ ಕಾಯುವ ಮುದುಕರು, ಎಲ್ಲರಿಗೂ ಅವರು ಕಾಕಾ. ನಾವು ಒಳಗೆ ಕಾಲಿಟ್ಟಾಗಿನಿಂದ ಎಡಗಡೆ ಕಂಬದ ಹತ್ತಿರವೇ ನಿಂತಿದ್ದರಂತೆ. ನನ್ನಿಂದ ಒಂದು ಮಾರು ದೂರವೂ ಇಲ್ಲ. ನನಗೆ ಕೈ ಮುಗಿದರಂತೆ. ನಾನು ತಿರುಗಿ ನೋಡಲಿಲ್ಲ. ಬೆಂಚಿಗೆ ಬಡಿದು ಗೊಣಗಿದ್ದನ್ನೂ ಕೇಳಿ, ಈ ಅವ್ವಾರು ಯಾಕೋ ಸಿಟ್ಟಿನಲ್ಲಿದ್ದಾರೆ ಎಂದುಕೊಂಡು ಸುಮ್ಮನಾಗಿರಬೇಕು ಎಂದರು. ಹೇಳುತ್ತ ಹೇಳುತ್ತ ಟೀಚರ್ ದನಿ ಸಣ್ಣದಾಯಿತು. ಬೆಂಚು ಅಡ್ಡ ಇರಲಿಲ್ಲ, ಎಲ್ಲ ಬೆಂಚುಗಳ ಸಾಲಿನಲ್ಲೇ ಇತ್ತು ಎಂದರು.

ಅವರು ಎದ್ದು ನನ್ನನ್ನೂ ನಿಲ್ಲಿಸಿದರು. ಹುಣಸೆಯ ಬೊಡ್ಡೆಯನ್ನೇ ನೋಡಬೇಕು, ಕಣ್ಣು ಅತ್ತಿತ್ತ ಹೊರಳಿಸಬಾರದು, ಎಡಗಡೆಯಿಂದ ತರುವ ಅವರ ಕೈ ಕಂಡ ಕೂಡಲೇ ಹೇಳಬೇಕು ಎಂದರು. ನಾನು ಬೊಡ್ಡೆ ನೋಡುತ್ತ ನಿಂತೆ. ಅದರ ಮೇಲೆ ಇರುವೆ ಸಾಲು ಹತ್ತುತ್ತಿತ್ತು, ಒಂದೊಂದು ಇರುವೆಯೂ ಸ್ಪಷ್ಟ. ಕಾದೆ. ಬಿಸಿಲು ನೆತ್ತಿಗೆ ತಾಗುತ್ತಿತ್ತು. ಮತ್ತೂ ಕಾದೆ.

"ಶುರು ಮಾಡ್ರಿ ಟೀಚರ್," ಎಂದೆ.

ಆಮೇಲೆ ಬೆರಳುಗಳು ಬಂದವು. ಎಡಗಡೆಯಿಂದಲ್ಲ, ಗಾಳಿಯಿಂದ ಹುಟ್ಟಿದ ಹಾಗೆ, ನನ್ನ ಮೂಗಿನ ಹತ್ತಿರ. ತಿರುಗಿ ನೋಡಿದರೆ ಅವರ ಕಣ್ಣು ತುಂಬಿತ್ತು. ಯಾವಾಗಿನಿಂದ ಕೈ ಆಡಿಸುತ್ತಿದ್ದೀರಿ ಎಂದು ಕೇಳಿದೆ. ನಿಂತಾಗಿನಿಂದ ಎಂದರು.

ಕಪ್ಪಿರಲಿಲ್ಲ. ಅದೇ ನನ್ನನ್ನು ಇವತ್ತಿಗೂ ನಡುಗಿಸುವುದು. ಆ ಕೈ ಆಡುತ್ತಿದ್ದ ಜಾಗದಲ್ಲಿ ನನಗೆ ಗೋಡೆ ಇತ್ತು, ಬಿಸಿಲಿತ್ತು, ಎಲೆಗಳಿದ್ದವು, ಎಲ್ಲ ಪೂರ್ತಿಯಾಗಿತ್ತು. ಇಲ್ಲದ್ದು ಇಲ್ಲ ಎಂದು ಕಾಣುತ್ತಲೇ ಇರಲಿಲ್ಲ. ಮರುದಿನ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರರು ಹೇಳಿದ್ದೂ ಅದನ್ನೇ. ಈ ರೋಗ ಅಂಚಿನಿಂದ ತಿನ್ನುತ್ತ ಬರುತ್ತದೆ, ನಡುವಿನ ನೋಟ ಎಲ್ಲಕ್ಕಿಂತ ಕೊನೆಗೆ ಹೋಗುತ್ತದೆ, ಸೂಜಿಗೆ ಬೇಕಾದದ್ದು ಆ ನಡುವಿನ ನೋಟ ಮಾತ್ರ. ಹೋದದ್ದು ಬರುವುದಿಲ್ಲ, ಕಣ್ಣಿಗೆ ಔಷಧದ ಹನಿ ಹಾಕುವುದನ್ನು ತಪ್ಪಿಸದಿದ್ದರೆ ಇದ್ದದ್ದನ್ನು ಉಳಿಸಬಹುದು ಎಂದರು. ಅವ್ವನೂ ಕಣ್ಣು ಪೂರ್ತಿ ಹೋಗುವ ತನಕ ನಮಗೆಲ್ಲ ಸೂಜಿ ಪೋಣಿಸಿ ಕೊಡುತ್ತಿದ್ದಳು. ಕೊಡ ಇಟ್ಟವರನ್ನು ಬೈಯುತ್ತಲೂ ಇದ್ದಳು. ಅದು ಮನೆತನದ ಸಿಟ್ಟಲ್ಲ. ಆ ಸ್ಕೂಟರಿನವನು ಎಲ್ಲಿಂದಲೋ ಬಂದವನಲ್ಲ, ರಸ್ತೆಯ ಮೇಲೆ ನೆಟ್ಟಗೆ ಬಂದವನು.

ಆದರೆ ಇದೆಲ್ಲ ಆಮೇಲಿನ ತಿಳಿವಳಿಕೆ. ಅವತ್ತು ಹುಣಸೆಯ ಕೆಳಗೆ ನನಗೆ ಗೊತ್ತಿದ್ದದ್ದು ಇಷ್ಟೇ, ಒಬ್ಬ ಮನುಷ್ಯ ನನಗೆ ಕೈ ಮುಗಿದು ನಿಂತಿದ್ದಾನೆ, ನಾನು ನೋಡಿಲ್ಲ. ಮನೆಗೆ ಹೋಗೋಣ ಎಂದರು ಟೀಚರ್. ಒಂದು ನಿಮಿಷ ಎಂದು ಮತ್ತೆ ಒಳಗೆ ನಡೆದೆ. ಈ ಸಲ ಬೆಂಚುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟುತ್ತ ಹೋದೆ. ಕಿಟಕಿ ಹಾಗೇ ಉರಿಯುತ್ತಿತ್ತು, ಅದನ್ನು ನೋಡಲಿಲ್ಲ. ಮೊದಲು ನಿಂತಿದ್ದ ಜಾಗದಲ್ಲೇ ನಿಂತು, ಬಟ್ಟೆ ತಿರುವಿದ ಹಾಗೆ ಇಡೀ ತಲೆಯನ್ನು ಎಡಕ್ಕೆ ತಿರುಗಿಸಿದೆ.

ಅಲ್ಲಿದ್ದರು. ಬಿಳಿ ಅಂಗಿ, ಕೈಯಲ್ಲಿ ಕಸಬರಿಗೆ, ಗಲ್ಲದ ಮೇಲೆ ಬಿಳಿಯ ಕುರುಚಲು. ಅವರ ಅರ್ಧ ಮುಖದ ಮೇಲೆ ಆ ಹೆಸರಿಲ್ಲದ ನೀಲಿ ಬಿದ್ದಿತ್ತು. ಇಷ್ಟು ದೊಡ್ಡ ಮನುಷ್ಯ, ಇಷ್ಟು ಹತ್ತಿರ. ನಾನು ಕೈ ಮುಗಿದೆ. ಅವರು ಕಸಬರಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಎರಡನೇ ಸಲ ಕೈ ಮುಗಿದರು. ಅವ್ವ ಸಾಯುವ ತನಕ ಆಡದ ಮಾತು, ನಾನು ಯಾವ ಡಾಕ್ಟರರಿಂದಲೂ ಕೇಳಲೊಲ್ಲದ ಮಾತು, ನನ್ನ ಬಾಯಿಂದಲೇ ಬಂತು.

"ಸಿಟ್ಟಲ್ರಿ ಕಾಕಾ," ಎಂದೆ. "ನನಗ ಕಣ್ಣು ಕಾಣಂಗಿಲ್ರಿ."